ಕೆಳಬಾಗಿಲಿನ ಯಜಮಾನಿ ಯಾರು?

ನೀವೀಗ ಕೂತು ಓದ್ತಿದ್ದರೆ, ನಿಮ್ಮ ಮೈಭಾರದ ಬಹುಪಾಲು ಎರಡು ಮೂಳೆಗಳ ಮೇಲಿದೆ. ಅಂಗೈ ಅಡಿಗಿಟ್ಟು ನೋಡಿ, ಗಟ್ಟಿಯಾಗಿ ಒತ್ತುತ್ತವೆ. ಎಡಬಲಕ್ಕೆ ಇವೆರಡು, ಮುಂದೆ ಪ್ಯೂಬಿಕ್ ಮೂಳೆಯ ಕಮಾನು, ಹಿಂದೆ ಬಾಲಮೂಳೆಯ ತುದಿ. ಸೊಂಟದ ಮೂಳೆಗೂಡಿನ ಕೆಳಬಾಗಿಲು ಅಂದ್ರೆ ಇಷ್ಟೇ. ಹೆಂಗಸರಲ್ಲಿ ಇದರ ಅಡ್ಡಳತೆ ಸುಮಾರು 11 ಸೆಂಟಿಮೀಟರ್. ದಿನ ತುಂಬಿದ ಮಗುವಿನ ತಲೆಯ ಅಗಲ ಸುಮಾರು 9.5. ನಮ್ಮಲ್ಲಿ ಹೆಚ್ಚಿನವರು ಇಷ್ಟು ಸಣ್ಣ ಅಂತರದಲ್ಲಿ ನುಸುಳಿಕೊಂಡೇ ಈ ಲೋಕಕ್ಕೆ ಬಂದವರು.

ಈ ಬಾಗಿಲು ಕಲ್ಲಿನ ಚೌಕಟ್ಟಲ್ಲ. ತಲೆ ಇಳಿಯುವಾಗ ಬಾಲಮೂಳೆ ಹಿಂದಕ್ಕೆ ಸರಿದು ಜಾಗ ಬಿಡುತ್ತೆ. ಅಂಗಾತ ಮಲಗಿದರೆ ಮೈಭಾರ ಆ ಕಡೆಗೇ ಬಿದ್ದು ಅದರ ಚಲನೆಗೆ ಅಡ್ಡಿಯಾಗುತ್ತೆ. ಕುಕ್ಕರಗಾಲಲ್ಲಿ ಕೂತರೆ, ಮಗ್ಗುಲಾಗಿ ಮಲಗಿದರೆ ಹಿಂಬದಿ ಬಿಡುವಾಗಿರುತ್ತೆ. ಹಾಗಿದ್ದೂ ಹೆರಿಗೆ ಕೋಣೆ ಅಂದ ತಕ್ಷಣ ನಮ್ಮ ಕಣ್ಣಿಗೆ ಬರೋದು ಅಂಗಾತ ಮಲಗಿದ ಹೆಂಗಸೇ. ಆ ಭಂಗಿ ಯಾರ ಅನುಕೂಲಕ್ಕೆ?

ನಮ್ಮ ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. ಶಾಲೆ ಕಂಡವರಲ್ಲ, ವಿದ್ಯೆ ಅಜ್ಜಿಯಿಂದ ಬಂದದ್ದು. ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು. ಅದೇ ಡಿಸೆಂಬರ್ 25ರಂದು ತೀರಿಕೊಂಡರು. ಈ ಬಾಗಿಲನ್ನು ಪುಸ್ತಕವಿಲ್ಲದೆ, ಕೈಯಿಂದಲೇ ಓದಿದವರು ಅವರು.

ಹಾಗಂತ ಹಳೇ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳಲ್ಲ. ಊರ್ಡಿಗೆರೆಯ ನಮ್ಮಜ್ಜಿ ಹೆತ್ತದ್ದು ಏಳು, ಉಳಿದದ್ದು ಐದು. "ಸೂಲಗಿತ್ತಿ ಕುಕ್ಕರಗಾಲಲ್ಲಿ ಕೂತ್ಕಳಮ್ಮ ಅನ್ನೋಳು, ಸೊಂಟ ನೀವೋಳು. ರಕ್ತ ನಿಲ್ದಿದ್ರೆ ದೇವ್ರೇ ಗತಿ" ಅಂತಿದ್ದಳು. ಆ ರಕ್ತ ನಿಲ್ಲಿಸೋಕೆ ಆಸ್ಪತ್ರೆ ಬೇಕೇ ಬೇಕು. ಆದರೆ ಜೀವ ಉಳಿಸಿದ್ದಕ್ಕೆ ಬೆಲೆಯಾಗಿ ಕೇಳುವ ಹಕ್ಕನ್ನೇ ಬಿಟ್ಟುಕೊಡಬೇಕಾ?

ನನ್ನ ತಂಗಿಗೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಹೆರಿಗೆಯಾಯ್ತು. ಯೋನಿಗೂ ಗುದಕ್ಕೂ ನಡುವಿನ ಜಾಗ ಕತ್ತರಿಸಿದ್ದು ಅವಳಿಗೆ ಗೊತ್ತಾಗಿದ್ದು ಹೊಲಿಗೆ ಹಾಕುವಾಗ. ಮೊದಲೇ ಯಾರೂ ಒಂದು ಮಾತು ಹೇಳಿರಲಿಲ್ಲ. ಫೋನಿನ ಆ್ಯಪ್ ಕೂಡ ಕ್ಯಾಮೆರಾ ಮುಟ್ಟೋ ಮುಂಚೆ ಪರ್ಮಿಷನ್ ಕೇಳುತ್ತೆ! ಕೆಲವೊಮ್ಮೆ ಆ ಕತ್ತರಿ ಅಗತ್ಯವೇ, ತುರ್ತಿನಲ್ಲಿ ಚರ್ಚೆಗೆ ಪುರುಸೊತ್ತಿರಲ್ಲ, ನಿಜ. ಆದರೆ ಅದಕ್ಕೂ ಮುಂಚೆ ಒಂಬತ್ತು ತಿಂಗಳ ಚೆಕಪ್ ಇರುತ್ತಲ್ಲ? ವಿಶ್ವ ಆರೋಗ್ಯ ಸಂಸ್ಥೆ 2018ರ ಶಿಫಾರಸಿನಲ್ಲೇ ಹೇಳಿದೆ: ಎಪಿಸಿಯೋಟಮಿ ವಾಡಿಕೆಯಂತೆ ಎಲ್ಲರಿಗೂ ಮಾಡುವಂಥದ್ದಲ್ಲ, ಹೆರುವ ಭಂಗಿಯ ಆಯ್ಕೆ ಹೆರುವವಳದ್ದು.

ಪೂರ್ತಿ ತಪ್ಪು ಡಾಕ್ಟರರ ಮೇಲೆ ಹೊರಿಸೋದೂ ಸುಲಭದ ದಾರಿ. ನಮ್ಮ ಮನೆಗಳಲ್ಲಿ ಈ ಜಾಗಕ್ಕೆ ಹೆಸರೇ ಇಲ್ಲ. "ಅಲ್ಲಿ", "ಕೆಳಗೆ", ಅಷ್ಟೇ. ಪಠ್ಯದಲ್ಲಿರೋದು ಬಾಯಿಗೆ ಬರಲ್ಲ, ಬೀದಿಯಲ್ಲಿರೋದು ಬೈಗುಳ. ಹೆಸರೇ ಇಲ್ಲದ್ದರ ಬಗ್ಗೆ ಪ್ರಶ್ನೆ ಹೇಗೆ ಕೇಳೋದು? ನಾಚಿಕೆಯನ್ನು ನಾವು ಮರ್ಯಾದೆ ಅಂದ್ಕೊಂಡಿದ್ದೀವಿ. ನಾವು ಬಾಯಿ ಮುಚ್ಚಿದಲ್ಲಿ ತೀರ್ಮಾನ ಬೇರೆಯವರ ಕೈಗೆ ಹೋಗುತ್ತೆ.

ಆದ್ದರಿಂದ ಬಸುರಿ ಹೆಂಡತಿ, ಅಕ್ಕ, ಗೆಳತಿಯ ಜೊತೆ ಮುಂದಿನ ಚೆಕಪ್‌ಗೆ ಹೋಗುವವರು ಸ್ಕ್ಯಾನ್ ರಿಪೋರ್ಟಿನ ಜೊತೆ ಎರಡು ಪ್ರಶ್ನೆಗಳನ್ನೂ ಒಯ್ಯಿರಿ. ಯಾವ ಭಂಗಿಗೆ ಅವಕಾಶವಿದೆ? ಕತ್ತರಿಸಬೇಕಾಗಿ ಬಂದರೆ ಅವಳಿಗೆ ಹೇಳ್ತೀರಾ? ಕೇಳಬೇಕಾದವಳು ಅವಳು. ಅವಳ ದನಿ ತಗ್ಗಿದರೆ ಪಕ್ಕದಲ್ಲಿ ನೀವಿರಿ.