ಗ್ಯಾಸ್ ಮುಗಿಯುವುದಿಲ್ಲ

‘ಎಸಿ ತಣ್ಣಗಾಗ್ತಿಲ್ಲ, ಗ್ಯಾಸ್ ಮುಗಿದಿರಬೇಕು’. ಏಪ್ರಿಲ್ ಬಂತೆಂದರೆ ಕಾರಿರುವ ಮನೆಗಳಲ್ಲೆಲ್ಲ ಕೇಳುವ ಮಾತು. ಅಡುಗೆಮನೆಯ ಸಿಲಿಂಡರ್ ನೋಡಿ ನೋಡಿ ರೂಢಿಯಾದದ್ದಿರಬೇಕು. ಅರಿಜೋನಾದ ಫೀನಿಕ್ಸಿನಲ್ಲಿರುವ ಭಾವನ ಹಳೇ ಕ್ಯಾಂಪರ್ ವ್ಯಾನಿನಡಿ ಅಂಗಾತ ಮಲಗಿ ಟಾರ್ಚ್ ಹಿಡಿಯುವವರೆಗೆ ನಾನೂ ಹಾಗೇ ನಂಬಿದ್ದೆ.

ವ್ಯಾನು 1987ರ ವ್ಯಾನಗನ್. ಒಳಗೆ ಒಲೆ, ಸಿಂಕು, ಹಾಸಿಗೆ. ಮೇಲೆ ಎತ್ತಿ ನಿಲ್ಲಿಸುವ ಮಾಡು. ಅದರ ಎಂಜಿನ್ ಇರುವುದು ಹಿಂಬದಿಗೆ. ಹಾಗಾಗಿ ಗ್ಯಾಸನ್ನು ಒತ್ತುವ ಕಂಪ್ರೆಸರ್ ಕೂಡ ಹಿಂದೆ. ಒತ್ತಿದ ಗ್ಯಾಸಿನ ಶಾಖ ಕಳೆಯುವ ಕಂಡೆನ್ಸರ್ ಮಾತ್ರ ಮೂತಿಯಲ್ಲಿ, ರೇಡಿಯೇಟರಿನ ಎದುರು. ತಂಪು ಗಾಳಿ ಊದುವ ಪೆಟ್ಟಿಗೆ ಮತ್ತೆ ಹಿಂದೆ, ಹಾಸಿಗೆಯ ಮೇಲಿನ ಕಪಾಟಿನಲ್ಲಿ. ಓಡಿಸುವವರಿಗೆ ಬೆವರು, ಮಲಗಿದವರಿಗೆ ಚಳಿ! ಪಾಪದ ಗ್ಯಾಸು ಬಾಲದಿಂದ ಮೂತಿಗೆ, ಮೂತಿಯಿಂದ ಬಾಲಕ್ಕೆ ಸುತ್ತುತ್ತಲೇ ಇರಬೇಕು. ಸುತ್ತುವುದಷ್ಟೇ ಅದರ ಕೆಲಸ. ಒಳಗಿನ ಶಾಖವನ್ನು ಹೊತ್ತು ಹೊರಗೆ ಸುರಿದು ಬರುತ್ತದೆ. ಪೆಟ್ರೋಲಿನಂತೆ ಉರಿದು ಖರ್ಚಾಗುವುದಿಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ.

ಎರಡು ಬೇಸಿಗೆ ಒಂದು ಗ್ಯಾರೇಜಿನವರು ಗ್ಯಾಸ್ ತುಂಬಿಸಿ ದುಡ್ಡು ತೆಗೆದುಕೊಂಡಿದ್ದರು. ಎಲ್ಲಿಂದ ಹೋಯಿತು ಎಂದು ಹುಡುಕಲಿಲ್ಲ. ತೂತು ಬಿಂದಿಗೆಗೆ ನೀರು ತುಂಬಿಸುವವರನ್ನು ನೋಡಿ ನಗುವ ನಾವು ಇದಕ್ಕೆ ‘ಸರ್ವಿಸ್’ ಎಂದು ಗೌರವದ ಹೆಸರು ಕೊಟ್ಟಿದ್ದೇವೆ.

ಹುಡುಕುವುದು ಬ್ರಹ್ಮವಿದ್ಯೆಯೇನಲ್ಲ. ಕಂಪ್ರೆಸರಿನ ಎಣ್ಣೆಯೂ ಗ್ಯಾಸಿನ ಜೊತೆಗೇ ಸುತ್ತುತ್ತದೆ. ಗ್ಯಾಸು ನುಸುಳಿದಲ್ಲಿ ಎಣ್ಣೆ ಒಸರುತ್ತದೆ, ಎಣ್ಣೆಗೆ ಧೂಳು ಮೆತ್ತುತ್ತದೆ. ಕಂಡೆನ್ಸರಿನ ಪೈಪು ಸೇರುವ ಜಾಗದಲ್ಲಿ ಅಂಥದೊಂದು ಕಪ್ಪು ಜಿಡ್ಡು ಕಂಡಿತು. ಬಿಚ್ಚಿದರೆ, ಒಳಗಿನ ರಬ್ಬರ್ ಓ-ರಿಂಗ್ ಚಪ್ಪಟೆಯಾಗಿ, ಒಣಗಿದ ಹುಣಸೆ ಸಿಪ್ಪೆಯ ಹಾಗಿತ್ತು. ಉಗುರಿನಿಂದ ಒತ್ತಿದೆ, ಲಟಕ್ಕನೆ ಮುರಿಯಿತು.

ಈ ವ್ಯಾನು ಹುಟ್ಟಿದ ವರ್ಷವೇ, ಸೆಪ್ಟೆಂಬರ್ 16ರಂದು, ಓಝೋನ್ ಪದರ ಉಳಿಸಲು ಮಾಡಿಕೊಂಡ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು. ವ್ಯಾನಿನ ಹೊಟ್ಟೆಯಲ್ಲಿ ಆಗ ಇದ್ದದ್ದು ಆರ್-12, ಆ ಪದರವನ್ನೇ ತಿನ್ನುವ ಗ್ಯಾಸು. 1995ರ ಕೊನೆಗೆ ಅಮೆರಿಕದಲ್ಲಿ ಅದರ ತಯಾರಿಕೆ ನಿಂತಿತು. ಆಮೇಲೆ ಹಳೇ ಗಾಡಿಗಳು ಹೆಚ್ಚಾಗಿ ಆರ್-134ಎ ಎಂಬ ಬದಲಿ ಗ್ಯಾಸಿನ ಕಡೆ ತಿರುಗಿದವು. ಹೆಸರು ಬದಲಾದಷ್ಟು ಸುಲಭದ ಕೆಲಸ ಅದಲ್ಲ. ಆರ್-12ರ ಜೊತೆಗಿದ್ದ ಖನಿಜ ಎಣ್ಣೆ ಹೊಸದರ ಜೊತೆ ಬೆರೆಯುವುದಿಲ್ಲ, ಎಣ್ಣೆ ಬದಲಿಸಬೇಕು. ತೇವ ಹೀರುವ ಡ್ರೈಯರ್ ಹೊಸದು ಬೇಕು. ಹಳೇ ರಬ್ಬರ್ ಪೈಪಿನ ಗೋಡೆಯಿಂದಲೇ ಹೊಸ ಗ್ಯಾಸು ಮೆಲ್ಲಗೆ ಪಾರಾಗಬಲ್ಲದು. ಅದು ಓಝೋನಿನ ತಂಟೆಗೆ ಹೋಗುವುದಿಲ್ಲ, ನಿಜ. ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಗಟ್ಟಿ. 2023ರಲ್ಲಿ ಸತತ 31 ದಿನ 43 ಡಿಗ್ರಿ ದಾಟಿದ ಊರಿನಲ್ಲಿ, ಸೆಕೆ ತಡೆಯಲೆಂದು ತುಂಬಿದ ಗ್ಯಾಸು ಸೋರಿ ಸೆಕೆಗೇ ಸೇರುವುದು ಎಂಥ ವಿಪರೀತ.

ಜೋಡಣೆಗಳ ಓ-ರಿಂಗುಗಳನ್ನೆಲ್ಲ ಬದಲಿಸಿ, ಎಣ್ಣೆಯಲ್ಲಿ ಅದ್ದಿ ಕೂರಿಸಿದೆವು. ಬಾಡಿಗೆಗೆ ತಂದ ವ್ಯಾಕ್ಯೂಮ್ ಪಂಪು ಒಂದು ಗಂಟೆ ಓಡಿತು. ಒಳಗೆ ಗಾಳಿಯಿಲ್ಲದಂತಾದರೆ ಉಳಿದ ತೇವವೂ ಕಾಯಿಸದೆಯೇ ಆವಿಯಾಗಿ ಹೊರಟುಹೋಗುತ್ತದಂತೆ. ಆಮೇಲೆ ಕವಾಟ ಮುಚ್ಚಿ, ಗೇಜಿನ ಮುಳ್ಳನ್ನೇ ನೋಡುತ್ತ ಕೂತೆವು. ಅಕ್ಕ ಕಾಫಿ ತಂದಳು. ‘ಏನು, ಕ್ರಿಕೆಟ್ ಸ್ಕೋರಾ?’ ಅಂದಳು. ಅರ್ಧ ಗಂಟೆಯಾದರೂ ಮುಳ್ಳು ಅಲ್ಲಾಡಲಿಲ್ಲ, ಎಂದರೆ ಸೋರಿಕೆ ನಿಂತಿದೆ. ಭಾವ ಆಗಲೇ ಗ್ಯಾಸಿನ ಡಬ್ಬಿ ಕೈಗೆತ್ತಿಕೊಂಡದ್ದು. ಅದನ್ನೂ ತೂಕ ಮಾಡಿ, ಹಿಂದೆ ಆರ್-12 ಹಿಡಿಯುತ್ತಿದ್ದುದಕ್ಕಿಂತ ಸ್ವಲ್ಪ ಕಡಿಮೆಯೇ ತುಂಬಿದರು. ಜಾಸ್ತಿ ತುಂಬಿದರೆ ಜಾಸ್ತಿ ತಂಪು ಎಂಬುದೂ ಸಿಲಿಂಡರಿನ ಲೆಕ್ಕವೇ.

‘ಇನ್ನು ಇದನ್ನ ಸುಮ್ಮನೆ ಬಿಟ್ಟರೇ ಕಷ್ಟ’ ಅಂದರು ಭಾವ. ಎಸಿಯನ್ನು ತಿಂಗಳುಗಟ್ಟಲೆ ಹಾಕದಿದ್ದರೆ ಕಂಪ್ರೆಸರಿನ ಸೀಲಿಗೆ ಎಣ್ಣೆ ತಲುಪುವುದಿಲ್ಲ. ಅದು ಒಣಗಿ ಅಲ್ಲಿಂದಲೇ ಸೋರಲು ಶುರು. ಆದ್ದರಿಂದ ಚಳಿಗಾಲದಲ್ಲೂ ಆಗಾಗ ಹತ್ತು ನಿಮಿಷ ಓಡಿಸಬೇಕು.

ಮೊನ್ನೆ ಡಿಸೆಂಬರಿನಲ್ಲಿ ವಿಡಿಯೋ ಕಾಲ್ ಮಾಡಿದೆ. ಭಾವ ಸ್ವೆಟರು, ಮಫ್ಲರು ತೊಟ್ಟು, ನಿಂತಿದ್ದ ವ್ಯಾನಿನಲ್ಲಿ ಸ್ಟೀರಿಂಗ್ ಮುಂದೆ ಕೂತಿದ್ದರು. ಹಿಂದಿನಿಂದ ಅಕ್ಕನ ದನಿ: ‘ನೋಡೋ, ಈ ಚಳೀಲಿ ಎಸಿ ಹಾಕ್ಕೊಂಡು ಕೂತಿದಾರೆ!’ ಭಾವ ತುಟಿಯ ಮೇಲೆ ಬೆರಳಿಟ್ಟು ಗುಂಡಿ ಒತ್ತಿದರು. ಕಂಪ್ರೆಸರಿನ ಕ್ಲಚ್ಚು ‘ಟಕ್’ ಎಂದದ್ದು ಹಾಸನದ ನಮ್ಮನೆವರೆಗೂ ಕೇಳಿಸಿತು.