ಹಳೆಯ ಎಂಜಿನ್ನಿನ ಉಸಿರು

ಹಳೆಯ ವಸ್ತುವನ್ನು ಇದ್ದಂತೆಯೇ ಉಳಿಸುವುದು ಅದಕ್ಕೆ ತೋರುವ ಗೌರವವೇ? ದೇವಸ್ಥಾನ, ಹಸ್ತಪ್ರತಿಗಳ ವಿಷಯದಲ್ಲಿ ನಾವು ಕೇಳುವ ಈ ಪ್ರಶ್ನೆಯನ್ನು ಒಂದು ಮೋಟಾರ್‌ಸೈಕಲ್ಲಿನ ಮುಂದಿಟ್ಟು ನೋಡುತ್ತೇನೆ. ಅದು 1967ರಿಂದ ಸುಮಾರು ಹತ್ತು ವರ್ಷ ಇಂಗ್ಲೆಂಡಿನಲ್ಲಿ ತಯಾರಾದ ನಾರ್ಟನ್ ಕಮಾಂಡೋ.

ಅದರ ಎರಡೂ ಪಿಸ್ಟನ್‌ಗಳು ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತವೆ. ಇಳಿದಾಗಲೆಲ್ಲ ಕೆಳಗಿನ ಕ್ರ್ಯಾಂಕ್‌ಕೇಸಿನಲ್ಲಿ ಗಾಳಿಯ ಒತ್ತಡ ಹೆಚ್ಚುತ್ತದೆ. ಆ ಗಾಳಿ ಹೊರಹೋಗುವ ದಾರಿಯೇ ಬ್ರೀದರ್. ದಾರಿ ಸಾಲದಿದ್ದರೆ ಗ್ಯಾಸ್ಕೆಟ್ಟಿನ ಸಂದುಗಳಲ್ಲಿ ಆಯಿಲ್ ಸೋರುತ್ತದೆ. ಪಕ್ಕದ ಮುಚ್ಚಳದೊಳಗೆ ಕ್ಯಾಮ್‌ಶಾಫ್ಟನ್ನು ತಿರುಗಿಸುವ ಟೈಮಿಂಗ್ ಚೈನ್ ಇದೆ. ಅದಕ್ಕೆ ಸದಾ ಆಯಿಲ್ ಬೇಕು. ಸವೆದು ಸಡಿಲವಾದರೆ ವಾಲ್ವುಗಳು ತೆರೆಯುವ ಹೊತ್ತು ತಪ್ಪುತ್ತದೆ. ಹಾಗಾಗಿ ಕೆಲವರು ಬ್ರೀದರ್ ಕೊಳವೆಗೆ ಗಾಳಿಯನ್ನು ಹೊರಗೆ ಮಾತ್ರ ಬಿಡುವ ವಾಲ್ವ್ ಕೂಡಿಸುತ್ತಾರೆ. ಕೆಲವರು ಎಂಜಿನ್ನಿನ ಮೈಗೇ ಹೊಸ ರಂಧ್ರ ಕೊರೆಯುತ್ತಾರೆ.

‘ಕಾರ್ಖಾನೆಯಿಂದ ಬಂದಾಗ ಹೀಗಿರಲಿಲ್ಲ’ ಎಂಬುದು ಶುದ್ಧವಾದಿಗಳ ಆಕ್ಷೇಪ. ಆದರೆ ಕಾರ್ಖಾನೆಯೇ ಈ ವಿಷಯದಲ್ಲಿ ನಿಶ್ಚಿಂತವಾಗಿರಲಿಲ್ಲ. ಮೊದಲು ಕ್ಯಾಮ್‌ಶಾಫ್ಟಿನ ತುದಿಯಲ್ಲಿದ್ದ ಬ್ರೀದರ್ 1972ರಲ್ಲಿ ಕ್ರ್ಯಾಂಕ್‌ಕೇಸಿನ ಕೆಳಭಾಗಕ್ಕೆ ಹೋಯಿತು. 850 ಮಾದರಿ ಬಂದಾಗ ಟೈಮಿಂಗ್ ಚೈನ್ ಇರುವ ಕಡೆಗೇ ಬಂತು. ಇವುಗಳಲ್ಲಿ ‘ಮೂಲ’ ಯಾವುದು? ನಾವು ಪರಂಪರೆ ಎನ್ನುವುದು ಹಲವು ಸಲ ಯಾರೋ ಅರ್ಧಕ್ಕೆ ನಿಲ್ಲಿಸಿದ ತಿದ್ದುಪಡಿ.

ಹಾಗೆಂದು ಎಲ್ಲ ಬದಲಾವಣೆಯೂ ಸರಿಯೆನ್ನಲಾರೆ. ಕೊಳವೆಗೆ ಹಾಕಿದ ವಾಲ್ವನ್ನು ನಾಳೆ ಬಿಚ್ಚಬಹುದು. ಕೊರೆದ ಲೋಹ ಮತ್ತೆ ಕೂಡುವುದಿಲ್ಲ. ಮೊದಲನೆಯದು ಮುಂದಿನ ಒಡೆಯನಿಗೆ ಆಯ್ಕೆಯನ್ನು ಉಳಿಸುತ್ತದೆ, ಎರಡನೆಯದು ಅವನ ಪರವಾಗಿ ತಾನೇ ತೀರ್ಮಾನಿಸಿಬಿಡುತ್ತದೆ. ನನಗೆ ನೈತಿಕ ಗೆರೆ ಕಾಣುವುದು ಇಲ್ಲಿ, ಹಳತು-ಹೊಸತುಗಳ ನಡುವೆ ಅಲ್ಲ.

ಆದರೆ ಈ ಗೆರೆಯೂ ಸುಲಭದ್ದಲ್ಲ. ಮುಟ್ಟದೆ ಬಿಟ್ಟ ಎಂಜಿನ್ ಹಾಗೆಯೇ ಉಳಿಯುವುದಿಲ್ಲ. ಓಡಿದಷ್ಟೂ ಚೈನ್ ಸವೆಯುತ್ತದೆ, ಸವೆದದ್ದೂ ಮರಳಿ ಬರುವುದಿಲ್ಲ. ಏನೂ ಮಾಡದಿರುವುದೂ ಒಂದು ತೀರ್ಮಾನವೇ. ಅದರ ಫಲವನ್ನೂ ಮುಂದಿನವನೇ ಉಣ್ಣಬೇಕು. ಓಡಿಸದೆ ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಸವೆತ ನಿಲ್ಲುತ್ತದೆ, ಜೊತೆಗೆ ಅದು ಮೋಟಾರ್‌ಸೈಕಲ್ ಆಗಿರುವುದೂ ನಿಲ್ಲುತ್ತದೆ.

ಆದ್ದರಿಂದ ಕೊರೆಯಲೇಬೇಕಾದ ದಿನವೂ ಬರಬಹುದು. ಅಂದು ಕೊರೆಯುವವನು ಏನು ಮಾಡಿದೆ, ಏಕೆ ಮಾಡಿದೆ ಎಂದು ಬರೆದಿಡಲಿ. ಹಳತಿನ ವಾರಸುದಾರರಾದ ನಾವು ನಮ್ಮ ನಂತರ ಬರುವವರಿಗೆ ಕನಿಷ್ಠ ಇಷ್ಟು ಲೆಕ್ಕವನ್ನಾದರೂ ಕೊಡಬೇಕು.