ಕೃತ, ಕಾರಿತ, ಅನುಮತ: ಸರಕಿನ ಸರಪಳಿಯಲ್ಲಿ ವರ್ತಕನ ಹೊಣೆ

ಸ್ವಂತ ಕೈಯಿಂದ ಮಾಡಿದ್ದು ಮಾತ್ರ ಕರ್ಮವಲ್ಲ. ಮಾಡಿಸಿದ್ದೂ, ಮಾಡಿದವನನ್ನು ಒಪ್ಪಿಕೊಂಡದ್ದೂ ಕರ್ಮವೇ ಎಂಬುದು ಜೈನ ಆಚಾರಶಾಸ್ತ್ರದ ಮೂಲಭೂತ ನಿಲುವು. ಕೃತ, ಕಾರಿತ, ಅನುಮತ ಎಂಬ ಈ ಮೂರನ್ನು ಮನ, ವಚನ, ಕಾಯಗಳೆಂಬ ಮೂರು ಯೋಗಗಳಿಂದಲೂ, ಸಂರಂಭ, ಸಮಾರಂಭ, ಆರಂಭ ಎಂಬ ಮೂರು ಹಂತಗಳಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿದಾಗ 108 ಭೇದಗಳಾಗುತ್ತವೆ. ಜಪಮಾಲೆಯ 108 ಮಣಿಗಳಿಗೆ ಈ ಲೆಕ್ಕವನ್ನೇ ಕಾರಣವಾಗಿ ಹೇಳುವುದುಂಟು. ಇವುಗಳಲ್ಲಿ 36 ಮಾತ್ರ ತಾನೇ ಮಾಡಿದ ಕಾರ್ಯಕ್ಕೆ ಸಂಬಂಧಿಸಿದವು. ಉಳಿದ 72 ಮತ್ತೊಬ್ಬರ ಕೈಯಿಂದ ನಡೆದುದಕ್ಕೆ ಸೇರಿದವು. ಪ್ರತಿನಿತ್ಯ ಮಾಲೆ ಎಣಿಸುವವರೂ ಈ ಪ್ರಮಾಣವನ್ನು ಗಮನಿಸುವುದು ಅಪರೂಪ.

ಇಂದಿನ ಉದ್ಯಮವು ಬಹುಮಟ್ಟಿಗೆ ಮತ್ತೊಬ್ಬರ ಕೈಯಿಂದಲೇ ನಡೆಯುತ್ತದೆ. ಯಾವ ಕಾರ್ಖಾನೆಯೂ ತನ್ನ ಸರಕನ್ನು ಆದಿಯಿಂದ ಅಂತ್ಯದವರೆಗೆ ತಾನೇ ಸಿದ್ಧಪಡಿಸುವುದಿಲ್ಲ. ಕಚ್ಚಾ ಮಾಲು ಒಬ್ಬನದು, ಬಿಡಿಭಾಗ ಮತ್ತೊಬ್ಬನದು, ಜೋಡಣೆ ಮೂರನೆಯವನದು, ಕೂಲಿಕಾರರನ್ನು ಒದಗಿಸುವ ಗುತ್ತಿಗೆ ನಾಲ್ಕನೆಯವನದು. ಈ ಸರಪಳಿಯ ಯಾವುದೋ ಒಂದು ಕೊಂಡಿಯಲ್ಲಿ ಕಾರ್ಮಿಕನ ಕೂಲಿ ತಪ್ಪಿದರೆ, ಮೈ ಮುರಿದರೆ, ಸರಕಿನ ಮೇಲೆ ಹೆಸರು ಹಾಕಿಸಿಕೊಂಡ ಕಂಪನಿಗೆ ಅದರ ಹೊಣೆ ತಟ್ಟುವುದೇ? ತನಗೂ ಸರಬರಾಜುದಾರನಿಗೂ ಮಾತ್ರ ವ್ಯವಹಾರ, ಅವನ ಆಳುಗಳ ವಿಚಾರ ಅವನದು ಎಂಬುದು ವ್ಯಾಪಾರಿಗಳು ಬಹುಕಾಲದಿಂದ ಕೊಡುತ್ತ ಬಂದ ಉತ್ತರ. ಈ ಉತ್ತರವು ಧರ್ಮದ ತಕ್ಕಡಿಯಲ್ಲಿ ನಿಲ್ಲುವುದೇ ಎಂಬುದು ವಿಚಾರಾರ್ಹವಾಗಿದೆ.

ನರಸಾಪುರದ ದೃಷ್ಟಾಂತ

ಇದಕ್ಕೆ ಕರ್ನಾಟಕದಲ್ಲಿಯೇ ಸ್ಪಷ್ಟವಾದ ಉದಾಹರಣೆಯಿದೆ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ತೈವಾನಿನ ವಿಸ್ಟ್ರಾನ್ ಕಂಪನಿಯು ಅಮೆರಿಕದ ಆಪಲ್ ಕಂಪನಿಗಾಗಿ ಐಫೋನುಗಳನ್ನು ಜೋಡಿಸುವ ಕಾರ್ಖಾನೆಯನ್ನು ನಡೆಸುತ್ತಿತ್ತು. 2020ರ ಡಿಸೆಂಬರ್ 12ರಂದು ಅಲ್ಲಿಯ ಕಾರ್ಮಿಕರ ಅಸಮಾಧಾನ ಸ್ಫೋಟಗೊಂಡು ಕಟ್ಟಡ, ಯಂತ್ರ, ವಾಹನಗಳು ಧ್ವಂಸವಾದವು. ಮಾತುಕೊಟ್ಟಷ್ಟು ಸಂಬಳ ಕೈಗೆ ಬರುತ್ತಿಲ್ಲ, ಹೆಚ್ಚು ಹೊತ್ತು ದುಡಿದುದಕ್ಕೆ ಸರಿಯಾದ ಲೆಕ್ಕವಿಲ್ಲ ಎಂಬುದು ಅವರ ದೂರಾಗಿತ್ತು. ಅಲ್ಪಕಾಲದಲ್ಲಿ ಕಾರ್ಮಿಕರ ಸಂಖ್ಯೆ ಸುಮಾರು 5,000ದಿಂದ 10,500ಕ್ಕೆ ಏರಿದ್ದರೂ ಹಾಜರಿ, ಸಂಬಳಗಳನ್ನು ನೋಡಿಕೊಳ್ಳುವ ವ್ಯವಸ್ಥೆ ಅದಕ್ಕೆ ತಕ್ಕಂತೆ ಬೆಳೆದಿರಲಿಲ್ಲವೆಂದು ಸರ್ಕಾರದ ತಪಾಸಣೆಯಲ್ಲಿ ಕಂಡುಬಂದಿತು.

ಆಸ್ತಿಪಾಸ್ತಿಯ ನಾಶವನ್ನು ಅಹಿಂಸಾಧರ್ಮವು ಒಪ್ಪುವುದಿಲ್ಲ. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕಿಚ್ಚಿಗೆ ಉರುವಲು ಕೂಡಿಟ್ಟವರು ಯಾರು? ಕಾರ್ಮಿಕರಲ್ಲಿ ಬಹುಪಾಲು ಜನ ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಏಜೆನ್ಸಿಯು ಕಾರ್ಖಾನೆಯನ್ನೂ, ಕಾರ್ಖಾನೆಯು ಏಜೆನ್ಸಿಯನ್ನೂ ತೋರಿಸಬಹುದಾಗಿತ್ತು. ಅಮೆರಿಕದ ಕಂಪನಿಯು ಇಬ್ಬರನ್ನೂ ತೋರಿಸಿ ಸುಮ್ಮನಿರಬಹುದಾಗಿತ್ತು. ಆದರೆ ಒಂದು ವಾರದೊಳಗೆ, ಕೆಲವು ಕಾರ್ಮಿಕರಿಗೆ ಸಂಬಳ ಸರಿಯಾಗಿ, ಸಕಾಲದಲ್ಲಿ ಸಂದಿಲ್ಲವೆಂದು ವಿಸ್ಟ್ರಾನ್ ಒಪ್ಪಿಕೊಂಡು ಕ್ಷಮೆ ಕೋರಿತು. ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ಆ ಸ್ಥಾನದಿಂದ ತೆಗೆಯಿತು. ಲೋಪಗಳು ಸರಿಯಾಗುವವರೆಗೆ ಹೊಸ ಕೆಲಸ ಕೊಡುವುದಿಲ್ಲವೆಂದು ಆಪಲ್ ಅದನ್ನು ನಿಗಾವಣೆಯಲ್ಲಿರಿಸಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಸಮೂಹದ ಪಾಲಾಯಿತು. ಆ ಕಾರ್ಮಿಕರಲ್ಲಿ ಒಬ್ಬನನ್ನೂ ಆಪಲ್ ನೇಮಿಸಿರಲಿಲ್ಲ. ಆದರೂ ಹೊಣೆ ಅದರ ಬಾಗಿಲಿಗೆ ಬಂದಿತು. ಇದೇ ಕಾರಿತದ ಸ್ವರೂಪ.

ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯು 2011ರ ಜೂನ್‌ನಲ್ಲಿ ಅಂಗೀಕರಿಸಿದ ಮಾರ್ಗದರ್ಶಿ ತತ್ತ್ವಗಳು ಉದ್ಯಮದ ಹೊಣೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತವೆ: ತಾನೇ ಹಾನಿ ಮಾಡುವುದು, ಹಾನಿಗೆ ಕಾರಣನಾಗಿ ಕೈಗೂಡಿಸುವುದು, ತನ್ನ ಸರಕಿನ ಮೂಲಕ ಹಾನಿಯೊಂದಿಗೆ ನಂಟು ಹೊಂದಿರುವುದು. ಕೃತ, ಕಾರಿತ, ಅನುಮತಗಳನ್ನು ಬಲ್ಲ ಶ್ರಾವಕನಿಗೆ ಈ ವಿಂಗಡಣೆ ಅಪರಿಚಿತವೆನಿಸದು. ಆದರೆ ಒಂದು ಭೇದವನ್ನು ಮರೆಯಲಾಗದು. ಕೇವಲ ನಂಟು ಇದ್ದ ಮಾತ್ರಕ್ಕೆ ಅದು ಅನುಮತವಾಗದು. ತಿಳಿದೂ ಸುಮ್ಮನಿದ್ದು ಅದರ ಲಾಭವನ್ನು ಅನುಭವಿಸಿದಾಗ ಅನುಮತವಾಗುತ್ತದೆ.

ತಿಳಿಯದು ಎಂಬ ಸಮಾಧಾನ

ಹಾಗಾದರೆ ತಿಳಿಯದವನು ನಿರ್ದೋಷಿಯೇ ಎಂಬ ಪ್ರಶ್ನೆ ಸಹಜ. ತತ್ತ್ವಾರ್ಥಸೂತ್ರವು ಹಿಂಸೆಯನ್ನು ನಿರೂಪಿಸುವಲ್ಲಿ ಪ್ರಾಣಹಾನಿಗಿಂತ ಮೊದಲು ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು ಇಡುತ್ತದೆ. ನೆಲ ನೋಡಿ ಹೆಜ್ಜೆಯಿಡುವ ಮುನಿಯ ಪಾದದಡಿ ಅಕಸ್ಮಾತ್ತಾಗಿ ಜೀವ ಸಿಲುಕಿದರೆ ಆತನಿಗೆ ಹಿಂಸಾದೋಷವಿಲ್ಲ. ನೋಡದೆ ನಡೆದವನ ಕಾಲಡಿಯಲ್ಲಿ ಏನೂ ಸಾಯದಿದ್ದರೂ ಅವನು ದೋಷಮುಕ್ತನಲ್ಲ. ಈ ಸೂಕ್ಷ್ಮವನ್ನು ಅಮೃತಚಂದ್ರ ಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ವಿಸ್ತಾರವಾಗಿ ವಿವೇಚಿಸಿದ್ದಾರೆ. ವ್ಯಾಪಾರಕ್ಕೆ ಇದನ್ನು ಅನ್ವಯಿಸಿದರೆ ಅರ್ಥ ಸ್ಪಷ್ಟ. ವಿಚಾರಿಸಿ, ಪರೀಕ್ಷಿಸಿ, ಆದರೂ ತಿಳಿಯದೆ ಹೋದದ್ದು ಅಜ್ಞಾನ. ವಿಚಾರಿಸದೆ ಉಳಿದದ್ದು ಪ್ರಮಾದ. ಕೇಳಿದರೆ ತೊಂದರೆ ತಲೆಗೆ ಬರುವುದೆಂದು ಕೇಳದೆ ಉಳಿದದ್ದಂತೂ ಕಪಟವೇ ಸರಿ.

ಬೆಲೆಯೊಳಗೆ ಅಡಗಿದ ಹಿಂಸೆ

ಕೊಳ್ಳುವವನು ಹಾನಿಗೆ ಕಾರಣನಾಗುವುದು ಬಹುತೇಕ ಎರಡು ದಾರಿಗಳಲ್ಲಿ: ಬೆಲೆ ಹಿಂಡುವುದು, ಹಣ ತಡಮಾಡುವುದು.

ಕರ್ನಾಟಕದ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಮಹಿಳೆಯರು. 2020ರ ಏಪ್ರಿಲ್‌ನಿಂದ ಅವರ ಕನಿಷ್ಠ ವೇತನದಲ್ಲಿ ಸೇರಬೇಕಾಗಿದ್ದ ತುಟ್ಟಿಭತ್ಯೆಯ ಏರಿಕೆ ತಿಂಗಳಿಗೆ ಸುಮಾರು 417 ರೂಪಾಯಿ. ಅದನ್ನು ಕೊಡಲೇಬೇಕೆಂದು ಉಚ್ಚ ನ್ಯಾಯಾಲಯ ಅದೇ ವರ್ಷ ಆದೇಶಿಸಿದ ಮೇಲೂ ಅನೇಕ ಕಾರ್ಖಾನೆಗಳು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಅದನ್ನು ತಡೆಹಿಡಿದವು. ಬಾಧಿತರ ಸಂಖ್ಯೆ ನಾಲ್ಕು ಲಕ್ಷಕ್ಕೂ ಹೆಚ್ಚೆಂದು ಕಾರ್ಮಿಕ ಹಕ್ಕುಗಳ ಅಂತರರಾಷ್ಟ್ರೀಯ ಸಂಸ್ಥೆಯೊಂದು ಅಂದಾಜಿಸಿತು. ವಿದೇಶೀ ಕೊಳ್ಳುಗರ ಮೇಲೆ ಒತ್ತಡ ಬಿದ್ದ ಬಳಿಕವೇ ದೊಡ್ಡ ಕಾರ್ಖಾನೆಗಳು ಬಾಕಿ ತೀರಿಸತೊಡಗಿದವು. ಅಚೌರ್ಯ ಅಣುವ್ರತದ ಅತಿಚಾರಗಳಲ್ಲಿ ತದಾಹೃತಾದಾನವೆಂಬುದೊಂದಿದೆ. ಕಳವಿನ ಮಾಲನ್ನು ಕೊಳ್ಳುವುದೆಂದು ಅದರ ಅರ್ಥ. ತಡೆಹಿಡಿದ ಕೂಲಿಯಿಂದಾಗಿ ಅಗ್ಗವಾದ ಅಂಗಿಯಲ್ಲಿ ಆ 417 ರೂಪಾಯಿಯ ಒಂದು ನೂಲಾದರೂ ಹೊಲಿದುಹೋಗಿರುತ್ತದೆ. ಕದ್ದವನು ಬೇರೆ, ಕೊಂಡವನು ಬೇರೆ ಎಂದು ವ್ರತವು ಕೊಂಡವನನ್ನು ಬಿಟ್ಟುಬಿಡುವುದಿಲ್ಲ.

ಹಣದ ತಡವೂ ಇದಕ್ಕೆ ಕಡಿಮೆಯಿಲ್ಲ. ಸಣ್ಣ ಕೈಗಾರಿಕೆಯವನಿಗೆ ಮೂರು ತಿಂಗಳು ಪಾವತಿಯಾಗದಿದ್ದರೆ ಅವನು ಕೂಲಿಕಾರನ ಬಟವಾಡೆಯನ್ನೇ ಮುಂದೂಡುತ್ತಾನೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ 45 ದಿನ ಮೀರದಂತೆ ಪಾವತಿ ಮಾಡಬೇಕೆಂದು ವಿಧಿಸಿತು. ತಡವಾದ ಮೊತ್ತವನ್ನು, ನಿಜವಾಗಿ ಪಾವತಿಯಾಗುವವರೆಗೆ, ಆದಾಯದ ಲೆಕ್ಕದಲ್ಲಿ ಖರ್ಚೆಂದು ತೋರಿಸಲಾಗದಂತೆ 2023ರ ಹಣಕಾಸು ಕಾಯ್ದೆ ಮಾಡಿತು. ತೆರಿಗೆಯ ಭಯದಿಂದ ಸಕಾಲದಲ್ಲಿ ಹಣ ಕೊಡುವವನು ಜಾಣ. ಹಣದ ಹಿಂದಿರುವ ಹಸಿದ ಹೊಟ್ಟೆಯನ್ನು ನೆನೆದು ಕೊಡುವವನು ಶ್ರಾವಕ.

ಒಂದು ಹಿಡಿ ತೊಗರಿಬೇಳೆ

ಐಫೋನು, ವಿದೇಶದ ಅಂಗಿ ಇವೆಲ್ಲ ದೊಡ್ಡವರ ಸಂಗತಿಯೆಂದು ಪಕ್ಕಕ್ಕಿಡಬೇಕಾಗಿಲ್ಲ. ಕಲಬುರಗಿಯ ಜೇವರ್ಗಿ ಕಾಲೋನಿಯ ಮನೆಯೊಂದರಲ್ಲಿ ಒಲೆಯ ಮೇಲೆ ಬೇಯುವ ತೊಗರಿಬೇಳೆಯ ಹಿಂದೆಯೂ ಇಂತಹದೇ ಸರಪಳಿಯಿದೆ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಅದರ ರುಚಿಗೂ ಗುಣಕ್ಕೂ ಈ ನೆಲದ ಸುಣ್ಣ, ಪೊಟ್ಯಾಷ್‌ಗಳು ಕಾರಣವೆನ್ನುತ್ತಾರೆ. ನೆಲದ ಗುಣವನ್ನು ಹೊಗಳುವಾಗ ಕೈಗಳ ದುಡಿಮೆ ಮರೆಯಾಗಬಾರದು. ಮುಂಗಾರಿನಲ್ಲಿ ಬಿತ್ತಿದ ತೊಗರಿಯನ್ನು ಕಮಲಾಪುರದ ಕಡೆಯ ಹೊಲಗಳಲ್ಲಿ ಚಳಿಗಾಲದಲ್ಲಿ ಕೊಯ್ದು ರಾಶಿ ಮಾಡುವವರು ಕೂಲಿಯ ಹೆಣ್ಣುಮಕ್ಕಳು, ಗಂಡಾಳುಗಳು. ಮಾರುಕಟ್ಟೆಯ ಪ್ರಾಂಗಣದಲ್ಲಿ ಚೀಲ ಹೊರುವವರು ಹಮಾಲರು. ದಾಲ್‌ಮಿಲ್ಲಿನಲ್ಲಿ ಕಾಳಿಗೆ ಎಣ್ಣೆ, ನೀರು ಹಚ್ಚಿ, ಅಂಗಳದ ಬಿಸಿಲಿಗೆ ಹರವಿ, ಧೂಳಿನ ನಡುವೆ ಯಂತ್ರಕ್ಕೆ ಕೊಟ್ಟು, ಬೇಳೆ ಹಸನು ಮಾಡುವವರು ಮತ್ತೊಂದು ಗುಂಪು. ಇವರಲ್ಲಿ ಅನೇಕರ ಹೆಸರು ಯಾವ ಹಾಜರಿ ಪುಸ್ತಕದಲ್ಲಿಯೂ ಇರುವುದಿಲ್ಲ. ಮುಕಾದಮನ ಬಾಯಿಲೆಕ್ಕದಲ್ಲಿ ಮಾತ್ರ ಇರುತ್ತದೆ.

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ, ಅನ್ನಪಾನನಿರೋಧವೂ ಸೇರಿವೆ. ಮಿತಿಮೀರಿ ಹೊರಿಸುವುದು, ಹೊತ್ತಿಗೆ ಅನ್ನ ನೀರು ದೊರೆಯದಂತೆ ಮಾಡುವುದು ಎಂದು ಇವುಗಳ ಅರ್ಥ. ಎತ್ತಿನ ಗಾಡಿಯ ಭಾರವನ್ನು ಕಂಡು ಮರುಗುವ ಹೃದಯವು ಹಮಾಲನ ಬೆನ್ನನ್ನೂ ಕಾಣಬೇಕು. ವಯಸ್ಕ ಪುರುಷನು ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1967ರಲ್ಲಿಯೇ ಶಿಫಾರಸು ಮಾಡಿದೆ. ಕ್ವಿಂಟಲ್ ಚೀಲವನ್ನು ಒಬ್ಬನ ಬೆನ್ನಿಗೇರಿಸುವುದು ಯಾವ ರೂಢಿಯ ಹೆಸರಿನಲ್ಲಿ ನಡೆದರೂ ಅತಿಚಾರವೇ.

ಕೂಲಿ ಕೊಡುವ ಹೊಣೆ ಮುಕಾದಮನದೆಂಬ ಮಾತಿಗೆ ಕಾಯ್ದೆಯ ಬೆಂಬಲವೂ ಪೂರ್ಣವಾಗಿಲ್ಲ. ಗುತ್ತಿಗೆದಾರನು ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡತಕ್ಕದ್ದೆಂದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಹೇಳಿತ್ತು. 2020ರ ಸಂಹಿತೆಯೂ ಆ ತತ್ತ್ವವನ್ನು ಉಳಿಸಿಕೊಂಡಿದೆ.

ದೇವಾಲಯದ ಶಿಲೆ

ಈ ವಿಚಾರಣೆಯಿಂದ ಧರ್ಮಕಾರ್ಯವೂ ಹೊರತಲ್ಲ. ಬಸದಿ ಕಟ್ಟಿಸುವ ಟ್ರಸ್ಟೂ ಒಬ್ಬ ಕೊಳ್ಳುಗನೇ. ರಾಜಸ್ಥಾನದ ಸಿರೋಹಿ ಜಿಲ್ಲೆಯ ಪಿಂಡವಾಡಾ ದೇವಾಲಯಗಳ ಕೆತ್ತನೆಗೆ ಹೆಸರಾದ ಊರು. ಅಲ್ಲಿ ಯಂತ್ರದಿಂದ ಮರಳುಗಲ್ಲನ್ನು ಒಣಗಿದಂತೆಯೇ ಕೊರೆಯುವಾಗ ಏಳುವ ಸಿಲಿಕಾ ಧೂಳು ಕೆತ್ತುವವರ ಶ್ವಾಸಕೋಶವನ್ನು ಸೇರಿ ಸಿಲಿಕೋಸಿಸ್ ರೋಗವನ್ನು ತರುತ್ತದೆ. ಅದಕ್ಕೆ ಮದ್ದಿಲ್ಲ. ಹರೆಯದಲ್ಲಿಯೇ ಉಸಿರು ಕಳೆದುಕೊಂಡವರಲ್ಲಿ ಬಡ ಆದಿವಾಸಿ ಯುವಕರು ಅನೇಕರು. ರಾಜಸ್ಥಾನ ಸರ್ಕಾರವು 2019ರಲ್ಲಿ ಇದಕ್ಕೆಂದೇ ನೀತಿಯೊಂದನ್ನು ರೂಪಿಸಿ, ರೋಗಿಗೆ 3 ಲಕ್ಷ, ಮೃತನಾದರೆ ಕುಟುಂಬಕ್ಕೆ 2 ಲಕ್ಷ ರೂಪಾಯಿಗಳ ನೆರವನ್ನು ಗೊತ್ತುಪಡಿಸಿತು. ನೀರು ಹಾಯಿಸಿ ಕೊರೆದರೆ, ಧೂಳು ಹೀರುವ ಯಂತ್ರವಿಟ್ಟರೆ ಈ ಅಪಾಯ ಬಹಳಷ್ಟು ತಗ್ಗುತ್ತದೆ. ಶಿಲೆಯ ಬಣ್ಣ, ಕುಸುರಿ, ದರ ಇವುಗಳನ್ನು ಹತ್ತು ಬಾರಿ ವಿಚಾರಿಸುವ ಸಮಿತಿಯು ಧೂಳಿನ ವಿಚಾರವನ್ನು ಒಂದು ಬಾರಿಯಾದರೂ ಕೇಳದಿದ್ದರೆ ಪಂಚಕಲ್ಯಾಣದ ವೈಭವವು ಆ ಕೊರತೆಯನ್ನು ತುಂಬಲಾರದು.

ಕೈಬಿಡುವುದು ಪರಿಹಾರವಲ್ಲ

ದೋಷ ಕಂಡೊಡನೆ ಆ ಸರಬರಾಜುದಾರನನ್ನು ಬಿಟ್ಟುಬಿಟ್ಟರೆ ಕೈ ತೊಳೆದಂತಾಗುವುದೆಂದು ಕೆಲವರು ಭಾವಿಸುತ್ತಾರೆ. ಅಮೆರಿಕದಲ್ಲಿ 1990ರ ದಶಕದ ಆರಂಭದಲ್ಲಿ, ಬಾಲಕಾರ್ಮಿಕರು ಮಾಡಿದ ಸರಕಿನ ಆಮದು ನಿಷೇಧಿಸುವ ಮಸೂದೆ ಬಂದೊಡನೆ ಬಾಂಗ್ಲಾದೇಶದ ಉಡುಪು ಕಾರ್ಖಾನೆಗಳು ಸಾವಿರಾರು ಮಕ್ಕಳನ್ನು ಹೊರಹಾಕಿದವು. ಅವರಲ್ಲಿ ಅನೇಕರು ಶಾಲೆಗೆ ಹೋಗಲಿಲ್ಲ. ಕಲ್ಲು ಒಡೆಯುವಂತಹ ಇನ್ನೂ ಕೆಟ್ಟ ದುಡಿಮೆಗೆ ಹೋದರು. 1995ರಲ್ಲಿ ಕಾರ್ಖಾನೆಗಳ ಸಂಘ, ಯುನಿಸೆಫ್, ಕಾರ್ಮಿಕ ಸಂಘಟನೆಗಳ ನಡುವೆ ಒಪ್ಪಂದವಾಗಿ ಶಾಲೆ, ವಿದ್ಯಾರ್ಥಿವೇತನಗಳ ಏರ್ಪಾಡಾದ ಮೇಲೆ ಸ್ಥಿತಿ ಸುಧಾರಿಸಿತು. ಪ್ರಾಯಶ್ಚಿತ್ತವೆಂದರೆ ದೋಷದಿಂದ ಓಡುವುದಲ್ಲ, ದೋಷದಿಂದ ನೊಂದವನನ್ನು ಮೊದಲಿನ ನೆಲೆಗೆ ತರುವುದು. ತಿದ್ದಲು ಅವಕಾಶ, ಕಾಲಮಿತಿ, ತಿದ್ದಿಕೊಳ್ಳುವಷ್ಟು ಬೆಲೆ ಈ ಮೂರನ್ನೂ ಕೊಟ್ಟ ಬಳಿಕವೂ ಒಪ್ಪದವನನ್ನು ಬಿಡುವುದು ನ್ಯಾಯ.

ಸಣ್ಣ ವರ್ತಕನಿಗೆ ಆಪಲ್ ಕಂಪನಿಯ ಬಲವಿಲ್ಲವೆಂಬುದು ನಿಜ. ಹೊಣೆಯು ಶಕ್ತಿಗೆ ಅನುಗುಣವಾದುದು. ಅಣುವ್ರತವೆಂಬ ಹೆಸರೇ ಅದನ್ನು ಸಾರುತ್ತದೆ. ಮಹಾವ್ರತ ಸಾಧ್ಯವಿಲ್ಲದವನಿಗೆ ಯಾವ ವ್ರತವೂ ಬೇಡವೆಂದು ಆಚಾರ್ಯರು ಹೇಳಲಿಲ್ಲ. ಮುಕಾದಮನೊಂದಿಗಿನ ಕರಾರಿನಲ್ಲಿ ಕೂಲಿಯ ದರವನ್ನೂ ಬಟವಾಡೆಯ ದಿನವನ್ನೂ ಬರೆಯಿಸುವುದು, ಹಮಾಲರ ಹೆಸರುಗಳನ್ನು ಇ-ಶ್ರಮದಲ್ಲಿ ನೋಂದಾಯಿಸಲು ನೆರವಾಗುವುದು, ಚೀಲದ ತೂಕವನ್ನು 50 ಕಿಲೋಗೆ ಮಿತಗೊಳಿಸುವುದು, ಅಂಗಳದಲ್ಲಿ ನೆರಳು, ಕುಡಿಯುವ ನೀರು, ಮೂಗಿಗೆ ಕವಚ ಒದಗಿಸುವುದು, ವರ್ಷಕ್ಕೊಮ್ಮೆಯಾದರೂ ಮಧ್ಯವರ್ತಿಯಿಲ್ಲದೆ ದುಡಿಯುವವರನ್ನು ಕಂಡು ಕೇಳುವುದು, ಇವುಗಳಿಗೆ ದೊಡ್ಡ ಬಂಡವಾಳ ಬೇಕಿಲ್ಲ. ಟ್ರಸ್ಟುಗಳು ಶಿಲ್ಪದ ಕರಾರಿನಲ್ಲಿ ಧೂಳಿನ ನಿಯಂತ್ರಣಕ್ಕೆಂದು ಒಂದು ಷರತ್ತನ್ನೂ, ಅದರ ವೆಚ್ಚಕ್ಕೆಂದು ಒಂದು ಮೊತ್ತವನ್ನೂ ಸೇರಿಸಬಹುದು. ವೆಚ್ಚ ಕೊಡದೆ ಷರತ್ತು ಮಾತ್ರ ಬರೆದರೆ ಅದು ಕಾಗದದ ಅಹಿಂಸೆಯಾಗುವುದು.

ಗುತ್ತಿಗೆಯ ಕಾಗದವು ಲೆಕ್ಕವನ್ನು ಪಾಲುಮಾಡಬಲ್ಲುದು, ಕರ್ಮವನ್ನು ಪಾಲುಮಾಡಲಾರದು. ವರ್ಷಾಂತ್ಯದಲ್ಲಿ ಖಾತೆಯನ್ನು ಮುಚ್ಚುವ ಮುನ್ನ ಜಮಾ-ಖರ್ಚಿನ ಜೊತೆಗೆ ಯಾರ ಕೂಲಿ ಬಾಕಿಯಿದೆ, ಯಾರ ಬೆನ್ನಿಗೆ ಭಾರ ಹೆಚ್ಚಾಗಿದೆ ಎಂಬುದನ್ನೂ ನೋಡಿಕೊಳ್ಳುವುದು ವರ್ತಕನ ಪ್ರತಿಕ್ರಮಣದ ಭಾಗವಾಗಬೇಕು.